ಮಣ್ಣಿನ ಚೀಲ ಹಿಡಿದು ವಿಶ್ವವಿದ್ಯಾಲಯಕ್ಕೆ

ಕೃಷಿ ವಿಶ್ವವಿದ್ಯಾಲಯ ಅಂದರೆ ಮಕ್ಕಳು ಬಿ.ಎಸ್ಸಿ. ಓದುವ ಜಾಗ, ವರ್ಷಕ್ಕೊಮ್ಮೆ ಕೃಷಿ ಮೇಳ ನಡೆಯುವ ಮೈದಾನ. ಹಳ್ಳಿಗಳಲ್ಲಿ ಬಹಳ ಜನರ ತಿಳಿವಳಿಕೆ ಇಲ್ಲಿಗೆ ಮುಗಿಯುತ್ತದೆ. ಬೆಳೆಗೆ ರೋಗ ಬಂದರೆ ಕಾಲು ಎಳೆಯುವುದು ಔಷಧಿ ಅಂಗಡಿಯ ಕಡೆಗೆ. ಅಂಗಡಿಯವರು ಎಲೆಯನ್ನು ನೋಡುತ್ತಾರೋ ಇಲ್ಲವೋ, ಎರಡು ಡಬ್ಬಿಯಂತೂ ಕೈಗೆ ಬರುತ್ತವೆ. ಅದೇ ತಾಲ್ಲೂಕಿನಲ್ಲಿ ಅಥವಾ ಪಕ್ಕದ ತಾಲ್ಲೂಕಿನಲ್ಲಿ, ಅದೇ ರೋಗವನ್ನು ಓದಿ ಬಲ್ಲವರು ಸರ್ಕಾರದ ಸಂಬಳದಲ್ಲಿ ಕೂತಿರುತ್ತಾರೆ. ಅವರನ್ನು ಕೇಳುವುದಕ್ಕೆ ಕಾಸು ಕೊಡಬೇಕಿಲ್ಲ.

ಅಪ್ಪನ ಜಮೀನಿಗೆ ಹೊಸದಾಗಿ ಕೈಹಾಕಿದವರು, ಪಟ್ಟಣದ ಕೆಲಸ ಬಿಟ್ಟು ಊರಿಗೆ ಮರಳಿದವರು, ಸ್ವಸಹಾಯ ಸಂಘದಿಂದ ಏನಾದರೂ ಉದ್ಯೋಗ ಮಾಡಬೇಕೆಂದಿರುವ ಹೆಣ್ಣುಮಕ್ಕಳು, ಇವರೆಲ್ಲ ಈ ವ್ಯವಸ್ಥೆಯನ್ನು ಮೊದಲಿಂದ ಹೇಗೆ ಬಳಸಿಕೊಳ್ಳಬಹುದು ಎಂಬುದನ್ನು ಹಂತ ಹಂತವಾಗಿ ಬರೆದಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ವಿಶ್ವವಿದ್ಯಾಲಯ ತಾನಾಗಿ ನಿಮ್ಮ ಬದುವಿನ ಮೇಲೆ ಬಂದು ನಿಲ್ಲುವುದಿಲ್ಲ. ಖಚಿತವಾದ ಪ್ರಶ್ನೆ, ಕೈಯಲ್ಲೊಂದು ಮಾದರಿ ಹಿಡಿದು ಹೋದವರಿಗೆ ಸಿಗುವಷ್ಟು, ಬರಿಗೈಯಲ್ಲಿ ಹೋಗಿ “ಏನು ಬೆಳೆದರೆ ಒಳ್ಳೇದು ಸಾರ್?” ಎನ್ನುವವರಿಗೆ ಸಿಗುವುದಿಲ್ಲ.

ತುಸು ಹಿನ್ನೆಲೆ ಬೇಕು. 1899ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ ಪ್ರಯೋಗಕ್ಕೆಂದು 30 ಎಕರೆ ಜಮೀನು ಕೊಟ್ಟರು. ಅಲ್ಲಿಯೇ 1946ರಲ್ಲಿ ಕೃಷಿ ಕಾಲೇಜು ಬಂತು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯವಾಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ಉತ್ತರ ಭಾರತದ ಪಂತನಗರದಲ್ಲಿ ಶುರುವಾಗಿದ್ದ ಕೃಷಿ ವಿಶ್ವವಿದ್ಯಾಲಯದಂತೆ, ಇಲ್ಲಿಯೂ ಅಮೆರಿಕದ ‘ಲ್ಯಾಂಡ್ ಗ್ರಾಂಟ್’ ಕಾಲೇಜುಗಳ ಮಾದರಿಯನ್ನೇ ಹಿಡಿದರು. ಪಾಠ ಹೇಳುವುದು, ಸಂಶೋಧನೆ ಮಾಡುವುದು, ಕಂಡುಕೊಂಡದ್ದನ್ನು ರೈತರಿಗೆ ಮುಟ್ಟಿಸುವುದು, ಈ ಮೂರೂ ಒಂದೇ ಸಂಸ್ಥೆಯ ಹೊಣೆ ಎಂಬುದು ಆ ಮಾದರಿಯ ತಿರುಳು. ಮೂರನೆಯದಕ್ಕೆ ‘ವಿಸ್ತರಣೆ’ ಎನ್ನುತ್ತಾರೆ. ಅದು ಅವರ ಕೆಲಸವೇ. ಹಾಗಾಗಿ ನೀವು ಅಲ್ಲಿಗೆ ಹೋಗುವುದು ಉಪಕಾರ ಬೇಡುವುದಕ್ಕಲ್ಲ. ಕುರ್ಚಿಯ ತುದಿಯಲ್ಲಿ ಕೂರಬೇಕಾಗಿಲ್ಲ.

ಹಂತ 1: ನಿಮ್ಮ ಬಾಗಿಲು ಯಾವುದೆಂದು ತಿಳಿಯಿರಿ

ಬೆಂಗಳೂರಿನ ನಂತರ 1986ರಲ್ಲಿ ಧಾರವಾಡ, 2008ರಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯಗಳಾದವು. ಬಾಗಲಕೋಟೆಯಲ್ಲಿ ತೋಟಗಾರಿಕೆಗೆ, ಬೀದರದಲ್ಲಿ ಪಶುವೈದ್ಯಕೀಯ ಮತ್ತು ಮೀನುಗಾರಿಕೆಗೆ ಪ್ರತ್ಯೇಕ ವಿಶ್ವವಿದ್ಯಾಲಯಗಳಿವೆ. ಶಿವಮೊಗ್ಗದಲ್ಲಿ ಕೆಳದಿ ಶಿವಪ್ಪ ನಾಯಕರ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವಿದೆ. ಯಾವ ಜಿಲ್ಲೆ ಯಾರ ಪಾಲಿಗೆ ಎಂಬುದು ಆಗಾಗ ಬದಲಾಗುತ್ತಿರುತ್ತದೆ. ಅದನ್ನು ಬಾಯಿಪಾಠ ಮಾಡಬೇಕಿಲ್ಲ.

ಹೊಸಬರಿಗೆ ಬೇಕಾದ ಬಾಗಿಲು ವಿಶ್ವವಿದ್ಯಾಲಯದ ದೊಡ್ಡ ಗೇಟಲ್ಲ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ. ಎಲ್ಲರ ಬಾಯಲ್ಲಿ ಕೆವಿಕೆ. ದೇಶದ ಮೊದಲ ಕೆವಿಕೆ 1974ರಲ್ಲಿ ಪುದುಚೇರಿಯಲ್ಲಿ ಆಯಿತು, ಈಗ 700ಕ್ಕೂ ಹೆಚ್ಚಿವೆ. ಹಣ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನದು, ನಡೆಸುವವರು ಬಹುತೇಕ ಕಡೆ ವಿಶ್ವವಿದ್ಯಾಲಯದವರು. ಹುಲಕೋಟಿ, ಸುತ್ತೂರಿನಂಥ ಕಡೆ ಸ್ಥಳೀಯ ಸಂಸ್ಥೆಗಳು ನಡೆಸುತ್ತವೆ. ಒಬ್ಬ ಮುಖ್ಯಸ್ಥರು, ಅವರ ಕೈಕೆಳಗೆ ಆರು ವಿಷಯ ತಜ್ಞರು ಇರಬೇಕೆಂಬುದು ಲೆಕ್ಕ. ಬೇಸಾಯ, ತೋಟಗಾರಿಕೆ, ಸಸ್ಯ ಸಂರಕ್ಷಣೆ, ಮಣ್ಣು, ಪಶುಪಾಲನೆ, ಗೃಹವಿಜ್ಞಾನ, ಹೀಗೆ ಊರಿಗೆ ತಕ್ಕಂತೆ ವಿಷಯ ಹಂಚಿಕೊಂಡಿರುತ್ತಾರೆ. ಎಲ್ಲ ಹುದ್ದೆ ಎಲ್ಲ ಕಾಲಕ್ಕೂ ತುಂಬಿರುತ್ತವೆ ಎಂದು ನಂಬಿ ಹೋಗಬೇಡಿ. ಒಂದು ಫೋನ್ ಮಾಡಿ, ನಿಮಗೆ ಬೇಕಾದ ತಜ್ಞರು ಆ ದಿನ ಇರುತ್ತಾರೋ, ಹಳ್ಳಿಗೆ ಹೊರಟಿರುತ್ತಾರೋ ಕೇಳಿಕೊಂಡೇ ಬಸ್ಸು ಹತ್ತಿ.

ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ ಇದಲ್ಲ. ಅದು ಕೃಷಿ ಇಲಾಖೆಯದು. ಸಬ್ಸಿಡಿ ಬೀಜ, ಯೋಜನೆಗಳ ಅರ್ಜಿ ಅಲ್ಲಿ. ರೋಗ, ತಳಿ, ತಂತ್ರದ ಪ್ರಶ್ನೆ ಕೆವಿಕೆಯಲ್ಲಿ. ಈ ಎರಡನ್ನು ಕಲಸಿಕೊಂಡು ಅಲ್ಲಿಂದ ಇಲ್ಲಿಗೆ ಅಲೆದು, “ಯಾರೂ ಏನೂ ಮಾಡಲ್ಲ” ಎಂದು ಬೈದುಕೊಳ್ಳುವವರು ಕಡಿಮೆಯಿಲ್ಲ.

ಹಂತ 2: ಒಂದು ನೋಟುಬುಕ್ಕು ಇಡಿ

ನೂರು ಪುಟದ ನೋಟುಬುಕ್ಕು ಸಾಕು. ಮೊದಲ ಪುಟದಲ್ಲಿ ಸರ್ವೆ ನಂಬರ್, ಎಷ್ಟು ಎಕರೆ ಎಷ್ಟು ಗುಂಟೆ, ಖುಷ್ಕಿಯೋ ನೀರಾವರಿಯೋ, ಬೋರ್‌ವೆಲ್ ಎಷ್ಟು ಇಂಚು ನೀರು ಕೊಡುತ್ತದೆ, ಕೆಂಪು ಮಣ್ಣೋ ಎರೆಯೋ ಬರೆಯಿರಿ. ಮುಂದಿನ ಪುಟಗಳಲ್ಲಿ ಹಿಂದಿನ ಎರಡು ಮೂರು ವರ್ಷ ಏನು ಬೆಳೆದಿರಿ, ಯಾವ ತಳಿ, ಯಾವಾಗ ಬಿತ್ತನೆ, ಎಷ್ಟು ಗೊಬ್ಬರ, ಏನು ಸಿಂಪಡಣೆ, ಎಷ್ಟು ಚೀಲ ಬಂತು ಎಂಬುದೆಲ್ಲ. ನೆನಪಿಲ್ಲದಿದ್ದರೆ ಅಪ್ಪನನ್ನೋ ಪಕ್ಕದ ಹೊಲದವರನ್ನೋ ಕೇಳಿ. ತಜ್ಞರ ಮುಂದೆ ಕೂತಾಗ ಅವರು ಕೇಳುವ ಮೊದಲ ಹತ್ತು ಪ್ರಶ್ನೆಗೂ ಇದರಲ್ಲೇ ಉತ್ತರ ಇರುತ್ತದೆ. ಬುಕ್ಕು ತೆಗೆದು ಮೇಜಿನ ಮೇಲಿಟ್ಟ ಕೂಡಲೇ ಎದುರಿನವರ ಮಾತಿನ ಧಾಟಿ ಬದಲಾಗುವುದನ್ನು ನೀವೇ ಗಮನಿಸಬಹುದು.

ಹಂತ 3: ಮಣ್ಣು ತೆಗೆಯಿರಿ, ಸರಿಯಾಗಿ ತೆಗೆಯಿರಿ

ಎಲ್ಲದಕ್ಕೂ ಮೊದಲು ಮಾಡಬೇಕಾದ್ದು ಇದೇ. ಅತಿ ಹೆಚ್ಚು ಕೆಡುವುದೂ ಇಲ್ಲೇ. ಪ್ರಯೋಗಾಲಯದಲ್ಲಿ ಎಷ್ಟೇ ಒಳ್ಳೆಯ ಯಂತ್ರವಿದ್ದರೂ, ಬದುವಿನ ಮಗ್ಗುಲಿಂದ ಒಂದು ಹಿಡಿ ಕೆರೆದು ತಂದ ಮಣ್ಣು ಬದುವಿನ ಕತೆಯನ್ನಷ್ಟೇ ಹೇಳುತ್ತದೆ.

ಕೊಯ್ಲಾದ ಮೇಲೆ, ಗೊಬ್ಬರ ಹಾಕುವ ಮೊದಲು ತೆಗೆಯಬೇಕು. ಮಣ್ಣಿನ ಬಣ್ಣ, ಇಳಿಜಾರು, ಬೆಳೆ ಬೇರೆ ಬೇರೆ ಇದ್ದರೆ ಒಂದೊಂದು ತುಂಡಿಗೂ ಬೇರೆ ಮಾದರಿ. ಒಂದು ಎಕರೆಗೆ ಎಂಟು ಹತ್ತು ಕಡೆ, ಹೊಲದ ಉದ್ದಕ್ಕೂ ಅಂಕುಡೊಂಕಾಗಿ ನಡೆಯುತ್ತ ಗುರುತು ಮಾಡಿ. ಮರದ ನೆರಳು, ತಿಪ್ಪೆ ಇದ್ದ ಜಾಗ, ಬದು, ಕಾಲುವೆ ಅಂಚು, ಕುರಿ ಮಂದೆ ನಿಲ್ಲಿಸಿದ ಕಡೆ ಬೇಡ. ಗುರುತಿನ ಜಾಗದಲ್ಲಿ ಮೇಲಿನ ಕಸಕಡ್ಡಿ ಸರಿಸಿ, ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದಲ್ಲಿ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ, ಗುಂಡಿ ತೆಗೆಯಿರಿ. ಗುಂಡಿಯಿಂದ ಹೊರಬಂದ ಮಣ್ಣಲ್ಲ ನಿಮಗೆ ಬೇಕಾದ್ದು. ಗುಂಡಿಯ ಗೋಡೆಯನ್ನು ಮೇಲಿಂದ ಬುಡದವರೆಗೆ ಒಂದಂಗುಲ ದಪ್ಪ ಕೆರೆದು ಬರುವ ಮಣ್ಣು. ಸತು, ಬೋರಾನ್‌ನಂಥ ಲಘು ಪೋಷಕಾಂಶ ನೋಡಿಸುವುದಿದ್ದರೆ ತುಕ್ಕು ಹಿಡಿದ ಗುದ್ದಲಿಯಿಂದ ಕೆರೆಯಬೇಡಿ, ಮರದ ಕಡ್ಡಿ ಬಳಸಿ.

ಎಲ್ಲ ಕಡೆಯ ಮಣ್ಣನ್ನು ಶುಚಿಯಾದ ಬಟ್ಟೆಯ ಮೇಲೆ ಸುರಿದು ಕಲಸಿ, ರೊಟ್ಟಿಯಂತೆ ತಟ್ಟಿ, ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಚೆಲ್ಲಿ, ಉಳಿದೆರಡನ್ನು ಕಲಸಿ ಮತ್ತೆ ನಾಲ್ಕು ಮಾಡಿ. ಅರ್ಧ ಕಿಲೋ ಉಳಿಯುವವರೆಗೂ ಹೀಗೇ. ನೆರಳಲ್ಲಿ ಒಣಗಿಸಿ, ಹೊಸ ಬಟ್ಟೆ ಚೀಲಕ್ಕೆ ತುಂಬಿ. ಹಳೆಯ ಯೂರಿಯಾ ಚೀಲ ಬೇಡವೇ ಬೇಡ. ಒಳಗೊಂದು ಚೀಟಿ: ಹೆಸರು, ಊರು, ಸರ್ವೆ ನಂಬರ್, ಹಿಂದಿನ ಬೆಳೆ, ಮುಂದೆ ಹಾಕಬೇಕೆಂದಿರುವ ಬೆಳೆ, ಫೋನ್ ನಂಬರ್. ಮಾವು, ತೆಂಗು, ದಾಳಿಂಬೆಯಂಥ ತೋಟ ಮಾಡುವವರಿಗೆ ಅರ್ಧ ಅಡಿ ಸಾಲದು. ಬೇರು ಆಳಕ್ಕೆ ಹೋಗುವುದರಿಂದ ಮೂರಡಿಯವರೆಗೆ, ಒಂದೊಂದು ಅಡಿಯ ಪದರಕ್ಕೆ ಒಂದೊಂದು ಮಾದರಿ ಕೇಳುತ್ತಾರೆ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ: 2009ರಲ್ಲಿ ರಾಜ್ಯದಲ್ಲಿ ಭೂಚೇತನ ಎಂಬ ಕಾರ್ಯಕ್ರಮ ಶುರುವಾಯಿತು. ಕೃಷಿ ಇಲಾಖೆ, ಹೈದರಾಬಾದಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಮತ್ತು ಕೃಷಿ ವಿಶ್ವವಿದ್ಯಾಲಯಗಳು ಕೈಜೋಡಿಸಿದ್ದವು. ಖುಷ್ಕಿ ಹೊಲಗಳ ಮಣ್ಣು ಪರೀಕ್ಷಿಸಿದಾಗ ಸಾರಜನಕ, ರಂಜಕದ ಜೊತೆಗೆ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಯೂರಿಯಾ, ಡಿಎಪಿ ಸುರಿಯುತ್ತಲೇ ಇದ್ದ ರೈತರಿಗೆ ಇಳುವರಿ ಏಕೆ ನಿಂತಲ್ಲೇ ನಿಂತಿದೆ ಎಂಬುದಕ್ಕೆ ಒಂದು ಉತ್ತರ ಅಲ್ಲಿತ್ತು. ಎರಡು ಚೀಲ ಹೆಚ್ಚು ಗೊಬ್ಬರದಿಂದ ತುಂಬದ ಕೊರತೆ ಅದು.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ ಬಗ್ಗೆಯೂ ಒಂದು ಮಾತು. ನಿಮ್ಮ ಮನೆಯಲ್ಲಿ ಆ ಚೀಟಿ ಇರಬಹುದು. ಆದರೆ ಆ ಯೋಜನೆಯ ಮೂಲ ನಿಯಮದಲ್ಲಿ ನೀರಾವರಿ ಜಮೀನಿಗೆ 2.5 ಹೆಕ್ಟೇರಿಗೊಂದು, ಖುಷ್ಕಿಗೆ 10 ಹೆಕ್ಟೇರಿಗೊಂದು ಮಾದರಿ. ಎಂದರೆ ಚೀಟಿ ನಿಮ್ಮ ಹೆಸರಿನಲ್ಲಿದ್ದರೂ ಮಣ್ಣು ಪಕ್ಕದವರ ಹೊಲದ್ದಾಗಿರಬಹುದು. ಸ್ವಂತ ಮಾದರಿ ಕೊಡುವುದೇ ಲೇಸು.

ಹಂತ 4: ವರದಿ ಓದಲು ಕಲಿಯಿರಿ

ವರದಿ ಕೈಗೆ ಬಂದಾಗ ಗಾಬರಿಯಾಗಬೇಡಿ. ಮೊದಲು ರಸಸಾರ (ಪಿಎಚ್) ನೋಡಿ. 6.5ರಿಂದ 7.5ರ ನಡುವೆ ಇದ್ದರೆ ಚಿಂತೆಯಿಲ್ಲ. ಅದಕ್ಕಿಂತ ಬಹಳ ಕೆಳಗಿದ್ದರೆ ಹುಳಿ ಮಣ್ಣು, ಮಲೆನಾಡು ಕರಾವಳಿಗಳಲ್ಲಿ ಸಾಮಾನ್ಯ, ಸುಣ್ಣ ಹಾಕಲು ಹೇಳುತ್ತಾರೆ. 8.5 ದಾಟಿದ್ದರೆ ಕ್ಷಾರ, ಜಿಪ್ಸಂ ಮಾತು ಬರುತ್ತದೆ. ತುಂಗಭದ್ರಾ ಅಚ್ಚುಕಟ್ಟಿನ ಕಡೆ ಚೌಳು ಹಿಡಿದ ಭೂಮಿಯವರು ಗಂಗಾವತಿ ಸಂಶೋಧನಾ ಕೇಂದ್ರದವರನ್ನು ಕೇಳಿ; ಸವಳು ಜವಳು ಭೂಮಿಯ ಸುಧಾರಣೆ ಅವರ ದೀರ್ಘಕಾಲದ ಕೆಲಸ. ಆಮೇಲೆ ಸಾವಯವ ಇಂಗಾಲ. ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರದ ವಿಷಯ ತಳ್ಳಿಹಾಕುವ ಹಾಗಿಲ್ಲ.

ಹೊಸಬರು ಎಡವುವುದು ಗೊಬ್ಬರದ ಲೆಕ್ಕದಲ್ಲಿ. ವಿಶ್ವವಿದ್ಯಾಲಯಗಳು ಸುಧಾರಿತ ಬೇಸಾಯ ಕ್ರಮಗಳ ಕೈಪಿಡಿ ಪ್ರಕಟಿಸುತ್ತವೆ. ಕೊಂಡಿಟ್ಟುಕೊಳ್ಳಲೇಬೇಕಾದ ಪುಸ್ತಕ. ಅದರಲ್ಲಿ ಪ್ರಮಾಣ ಸಾಮಾನ್ಯವಾಗಿ ಹೆಕ್ಟೇರಿಗೆ ಬರೆದಿರುತ್ತದೆ, ನಿಮ್ಮ ಲೆಕ್ಕ ಎಕರೆಯಲ್ಲಿ. ಒಂದು ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. ಇನ್ನೊಂದು ತೊಡಕು, ಅಲ್ಲಿ ಹೇಳುವುದು ಪೋಷಕಾಂಶದ ತೂಕ, ಚೀಲದ ತೂಕವಲ್ಲ. ಹೆಕ್ಟೇರಿಗೆ 40 ಕಿಲೋ ಸಾರಜನಕ ಅಂದರೆ ಎಕರೆಗೆ 16 ಕಿಲೋ. ಯೂರಿಯಾದಲ್ಲಿ ಸಾರಜನಕ ಶೇ. 46. ಹಾಗಾದರೆ ಎಕರೆಗೆ ಬೇಕಾದ ಯೂರಿಯಾ ಸುಮಾರು 35 ಕಿಲೋ. ಒಂದು ಚೀಲವೂ ಇಲ್ಲ, ಏಕೆಂದರೆ ಈಗಿನ ಚೀಲ 45 ಕಿಲೋದ್ದು. ಡಿಎಪಿಯನ್ನೂ ಹಾಕುತ್ತಿದ್ದರೆ ಅದರಲ್ಲಿ ಶೇ. 18 ಸಾರಜನಕವಿದೆ, ಅಷ್ಟನ್ನು ಯೂರಿಯಾದಲ್ಲಿ ಕಳೆಯಬೇಕು. ಈ ಲೆಕ್ಕವನ್ನು ಒಮ್ಮೆ ಕೆವಿಕೆಯಲ್ಲೇ ಕೂತು, ಅವರ ಪೆನ್ನಿನಿಂದ ನಿಮ್ಮ ಬುಕ್ಕಿನಲ್ಲಿ ಬರೆಸಿಕೊಳ್ಳಿ. ನಾಚಿಕೆ ಪಡಬೇಡಿ.

ಹಂತ 5: ತಳಿ ಕೇಳಿ, ಬೀಜ ಕೇಳಿ

ವಿಶ್ವವಿದ್ಯಾಲಯದ ಸಂಶೋಧನೆ ನಮ್ಮ ಹೊಲದವರೆಗೆ ನಿಜವಾಗಿ ಬಂದಿರುವುದು ಹೆಚ್ಚಾಗಿ ಬೀಜದ ರೂಪದಲ್ಲೇ. ಹಳೇ ಮೈಸೂರು ಕಡೆಯ ರಾಗಿ ನೋಡಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಜೀವಮಾನವಿಡೀ ರಾಗಿಯ ಮೇಲೆ ಕೆಲಸ ಮಾಡಿದರು. ರಾಗಿ ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು, ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಎರಡು ತಳಿಗಳನ್ನು ಕೂಡಿಸುವುದು ತಾಳ್ಮೆ ಬೇಡುವ ಕೆಲಸ. ಅವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಕೂಡಿಸಿ ‘ಇಂಡಾಫ್’ ಸರಣಿಯ ತಳಿಗಳನ್ನು ತಂದರು. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಮುಂದೆ ಬೆಂಗಳೂರಿನಿಂದ ಬಂದ ಜಿಪಿಯು 28 ಬೆಂಕಿ ರೋಗ ತಡೆದುಕೊಳ್ಳುವ ತಳಿಯೆಂದು ಊರೂರಿಗೆ ಹರಡಿತು. ಉತ್ತರದಲ್ಲಿ ಧಾರವಾಡದ ಕಟರ್ಕಿಯವರ ವರಲಕ್ಷ್ಮಿ ಹತ್ತಿ ಹೀಗೆಯೇ ಮನೆಮಾತಾಯಿತು. ಎರಡು ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ಮಾಡಿದ ಆ ಹೈಬ್ರಿಡ್ 1970ರ ದಶಕದ ಸುದ್ದಿ.

ಅವರೆಯದು ಬೇರೆ ಕತೆ. ನಾಟಿ ಅವರೆ ಹಗಲು ಕಿರಿದಾಗುವ ಚಳಿಗಾಲ ಬಂದ ಹೊರತು ಹೂ ಬಿಡುವುದಿಲ್ಲ. ಹೆಬ್ಬಾಳದಲ್ಲಿ ತೆಗೆದ ಹೆಬ್ಬಾಳ ಅವರೆ 3 ಮತ್ತು 4ಕ್ಕೆ ಆ ಹಂಗಿಲ್ಲ. ನೀರಿದ್ದರೆ ವರ್ಷದ ಯಾವ ಕಾಲಕ್ಕೂ ಕಾಯಿ. ಬೆಲೆಯಿರುವ ಹೊತ್ತಿಗೆ ಮಾರುಕಟ್ಟೆಗೆ ಕಳಿಸಬೇಕೆನ್ನುವವರಿಗೆ ಇದು ವರ. ಸೊಗಡಿನ ಅವರೆಯೇ ಬೇಕೆನ್ನುವ ನಾಲಿಗೆಗಳು ಮಾತ್ರ ಇನ್ನೂ ನಾಟಿಯನ್ನೇ ಹುಡುಕುತ್ತವೆ, ಅದರಲ್ಲಿ ನಾನೂ ಒಬ್ಬ. ಹಾಗಾಗಿ ತಳಿ ಕೇಳುವಾಗ ಇಳುವರಿಯನ್ನಷ್ಟೇ ಕೇಳಬೇಡಿ. ಎಷ್ಟು ದಿನದ ಬೆಳೆ, ಯಾವ ರೋಗ ತಡೆಯುತ್ತದೆ, ಹುಲ್ಲು ದನ ತಿನ್ನುತ್ತದೆಯೇ, ಮುದ್ದೆಗೆ ಹೇಗೆ, ನಿಮ್ಮ ಸಂತೆಯಲ್ಲಿ ಯಾರು ಕೊಳ್ಳುತ್ತಾರೆ, ಇವೂ ಪ್ರಶ್ನೆಗಳೇ.

ಬೀಜದ ಚೀಲಕ್ಕೆ ಹೊಲಿದಿರುವ ಚೀಟಿಯ ಬಣ್ಣ ನೋಡಿ. ಬ್ರೀಡರ್ ಬೀಜಕ್ಕೆ ಹಳದಿ, ಫೌಂಡೇಶನ್ ಬೀಜಕ್ಕೆ ಬಿಳಿ, ಪ್ರಮಾಣಿತ ಬೀಜಕ್ಕೆ ನೀಲಿ, ನಿಜಚೀಟಿ ಬೀಜಕ್ಕೆ ಹಸಿರು. ಬೆಳೆ ತೆಗೆಯುವುದಕ್ಕೆ ನೀಲಿಯೋ ಹಸಿರೋ ಸಾಕು. ತಳಿ ಬೀಜವಾದರೆ ಮುಂದಿನ ವರ್ಷಕ್ಕೆ ಮನೆಯಲ್ಲೇ ಇಟ್ಟುಕೊಳ್ಳಬಹುದು. ಹೈಬ್ರಿಡ್ ಆದರೆ ಪ್ರತಿ ಸಲ ಹೊಸದು ಕೊಳ್ಳಬೇಕು. ಯಾರೇ ಕೊಟ್ಟಿರಲಿ, ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಎಷ್ಟು ಮೊಳೆತವು ನೋಡಿಬಿಡಿ. ಬೀಜೋಪಚಾರಕ್ಕೆ ಬೇಕಾದ ಟ್ರೈಕೋಡರ್ಮ, ರೈಜೋಬಿಯಂ, ಅಜೋಸ್ಪಿರಿಲಂ ಪೊಟ್ಟಣಗಳನ್ನು ವಿಶ್ವವಿದ್ಯಾಲಯಗಳೂ ಎಷ್ಟೋ ಕೆವಿಕೆಗಳೂ ತಯಾರಿಸಿ ಮಾರುತ್ತವೆ. ಕೊಳ್ಳುವಾಗ ತಯಾರಾದ ತಾರೀಖು ನೋಡಿ, ತಂದ ಮೇಲೆ ಬಿಸಿಲಿಗಿಡಬೇಡಿ. ಅದರೊಳಗಿರುವುದು ಜೀವಾಣು.

ಹಂತ 6: ಗಿಡಕ್ಕೆ ಕಾಯಿಲೆ ಬಂದರೆ

2018ರ ಮುಂಗಾರಿನ ಹೊತ್ತಿಗೆ ಶಿವಮೊಗ್ಗದ ಸುತ್ತ ಮುಸುಕಿನ ಜೋಳದ ಸುಳಿಯೊಳಗೆ ಹಿಂದೆಂದೂ ಕಾಣದ ಹುಳು ಕಾಣಿಸಿತು. ಅಲ್ಲಿನ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು ಹೊಲಗಳಿಗೆ ಹೋಗಿ ಹುಳು ತಂದು, ಸಾಕಿ, ಗುರುತಿಸಿದರು. ತಲೆಯ ಮೇಲೆ ತಿರುವುಮುರುವಾದ ‘ವೈ’ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತಕ್ಕೆ ಕಾಲಿಟ್ಟ ಮೊದಲ ವರದಿ ಅದು. ಮುಂದೆ ಅದು ದೇಶದ ಬಹುಪಾಲು ಮುಸುಕಿನ ಜೋಳದ ಸೀಮೆಗೆಲ್ಲ ಹರಡಿತು. ಹುಳು ಯಾವುದೆಂದು ಗೊತ್ತಾಗದೆ ಔಷಧಿ ಹೊಡೆದವರ ದುಡ್ಡು ಮಣ್ಣುಪಾಲು. ಗೊತ್ತಾದ ಮೇಲೆ, ಮರಿ ಚಿಕ್ಕದಿರುವಾಗಲೇ ಸುಳಿಗೆ ಬೀಳುವಂತೆ ಸಿಂಪಡಿಸಬೇಕು, ಬಲಿತ ಹುಳುವಿಗೆ ತೌಡು ಬೆಲ್ಲದ ವಿಷಪಾಷಾಣ ಹಾಕಬೇಕು ಎಂಬ ದಾರಿ ಸಿಕ್ಕಿತು.

ಆದ್ದರಿಂದ ಮೊದಲು ಗುರುತು, ಆಮೇಲೆ ಔಷಧಿ. ಕೆವಿಕೆಗೆ ಗಿಡ ಒಯ್ಯುವಾಗ ಪೂರ್ತಿ ಸತ್ತು ಒಣಗಿದ್ದನ್ನು ಒಯ್ಯಬೇಡಿ, ಅದರಲ್ಲಿ ನೋಡುವುದಕ್ಕೆ ಏನೂ ಉಳಿದಿರುವುದಿಲ್ಲ. ಈಗಷ್ಟೇ ಬಾಡತೊಡಗಿದ ಗಿಡವನ್ನು ಬೇರು ಮಣ್ಣು ಸಮೇತ ಅಗೆದು ತೆಗೆಯಿರಿ; ಎಳೆದರೆ ಬೇರು ಹೊಲದಲ್ಲೇ ಉಳಿಯುತ್ತದೆ. ಪಕ್ಕದ ಆರೋಗ್ಯವಾದ ಗಿಡವೂ ಒಂದು ಇರಲಿ. ಹಳೆ ಪೇಪರಿನಲ್ಲಿ ಸುತ್ತಿ. ಪ್ಲಾಸ್ಟಿಕ್ ಕವರಿನಲ್ಲಿ ಬೆವತು ಕೊಳೆಯುತ್ತದೆ. ಹುಳು ಇದ್ದರೆ ತೂತು ಮಾಡಿದ ಡಬ್ಬಿಯಲ್ಲಿ, ತಿನ್ನುತ್ತಿದ್ದ ಎಲೆಯ ಜೊತೆ. ಹೋಗಲಾಗದಿದ್ದರೆ ಫೋಟೊ: ಇಡೀ ಹೊಲದ್ದೊಂದು, ಗಿಡದ್ದೊಂದು, ಎಲೆಯ ಅಡಿಭಾಗದ್ದೊಂದು. ರೋಗ ಹೊಲದ ತುಂಬ ಒಂದೇ ಸಮ ಬಂತೇ, ನೀರು ನಿಲ್ಲುವ ಮೂಲೆಯಿಂದ ಶುರುವಾಯಿತೇ, ಸಾಲು ಹಿಡಿದು ಬಂತೇ ಎಂಬುದು ತಜ್ಞರಿಗೆ ಬಹಳ ಹೇಳುತ್ತದೆ. ಈಗಾಗಲೇ ಏನು ಹೊಡೆದಿದ್ದೀರಿ ಎಂಬುದನ್ನು ಮುಚ್ಚಿಡಬೇಡಿ.

ಇದೇನೂ ಇವತ್ತಿನ ಪದ್ಧತಿಯಲ್ಲ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆ ತೋಟಗಳನ್ನು ಸುತ್ತಿ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿ, ಬೋರ್ಡೋ ದ್ರಾವಣದ ಸಿಂಪಡಣೆ ಬಳಕೆಗೆ ತಂದರು. ನೂರು ವರ್ಷ ದಾಟಿದರೂ ಅಡಿಕೆ ಬೆಳೆಗಾರರು ಮಳೆಗಾಲಕ್ಕೆ ಮೊದಲು ಅದನ್ನೇ ಹೊಡೆಯುತ್ತಾರೆ. ಶೇ. 1ರ ದ್ರಾವಣವೆಂದರೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಹುಯ್ಯಬೇಕು. ಶುಚಿಯಾದ ಕಬ್ಬಿಣದ ಚಾಕು ಅದ್ದಿ ನೋಡಿ. ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಬೇಕು.

ತುರ್ತಿಗೆ ಕಿಸಾನ್ ಕಾಲ್ ಸೆಂಟರ್ 1800-180-1551, ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಕನ್ನಡದಲ್ಲೇ. ಆದರೆ ಫೋನಿನಲ್ಲಿ ಗಿಡ ಕಾಣುವುದಿಲ್ಲ.

ಹಂತ 7: ಹೊಲದಲ್ಲೇ ಪ್ರಾತ್ಯಕ್ಷಿಕೆ ಕೇಳಿ

ಎರಡು ಮೂರು ಸಲ ಹೋಗಿಬಂದು ಮುಖಪರಿಚಯ ಆದ ಮೇಲೆ ಕೇಳಬೇಕಾದ್ದು ಇದು. ಪ್ರತಿ ಕೆವಿಕೆ ವರ್ಷವೂ ರೈತರ ಹೊಲದಲ್ಲಿ ‘ಮುಂಚೂಣಿ ಪ್ರಾತ್ಯಕ್ಷಿಕೆ’ ಮಾಡುತ್ತದೆ. ಸುಮಾರು ಒಂದು ಎಕರೆಗೆ ಹೊಸ ತಳಿಯ ಬೀಜ, ಜೈವಿಕ ಗೊಬ್ಬರ, ಕೆಲವೊಮ್ಮೆ ಔಷಧಿ ಅವರದು. ದುಡಿಮೆ, ಗೊಬ್ಬರ ನಿಮ್ಮದು. ಪಕ್ಕದಲ್ಲೇ ನಿಮ್ಮ ಹಳೆಯ ರೀತಿಯಲ್ಲಿ ಬೆಳೆದ ತಾಕು ಇರಬೇಕು ಎಂಬುದು ನಿಯಮ. ಎಷ್ಟೋ ರೈತರು ಹೊಸದು ಚೆನ್ನಾಗಿದೆಯೆಂದು ಹಳೆಯ ತಾಕಿಗೂ ಅದೇ ಔಷಧಿ, ಅದೇ ಗೊಬ್ಬರ ಹಾಕಿಬಿಡುತ್ತಾರೆ. ಹಾಗೆ ಮಾಡಿದರೆ ಹೋಲಿಸುವುದಕ್ಕೆ ಏನೂ ಉಳಿಯುವುದಿಲ್ಲ, ನಿಮಗೂ ಅವರಿಗೂ ನಷ್ಟ. ಬೆಳೆ ಕಟಾವಿಗೆ ಬಂದಾಗ ಕ್ಷೇತ್ರೋತ್ಸವ ಮಾಡಿ ಸುತ್ತಲಿನವರನ್ನು ಕರೆಯುತ್ತಾರೆ. ಭಾಷಣ ಉದ್ದವಾಗುತ್ತದೆ, ಸಹಿಸಿಕೊಳ್ಳಿ. ಬದುವಿನ ಮೇಲೆ ನಿಂತು ಎರಡು ತಾಕನ್ನು ಕಣ್ಣಾರೆ ನೋಡಿದ ನೆರೆಯವರು ಆಡುವ ಮಾತು ಯಾವ ಭಾಷಣಕ್ಕಿಂತಲೂ ಬೆಲೆಯುಳ್ಳದ್ದು.

ಪ್ರಯೋಗ ತಾಕಿನ ಇಳುವರಿಯೇ ನಿಮ್ಮ ಹೊಲದಲ್ಲೂ ಬರುತ್ತದೆ ಎಂದು ಸಾಲ ಮಾಡಬೇಡಿ. ಕೇಂದ್ರದ ಹೊಲಕ್ಕೆ ಹೊತ್ತಿಗೆ ಸರಿಯಾಗಿ ನೀರು, ಕೂಲಿಯಾಳು ಸಿಗುತ್ತಾರೆ, ನಿಮಗೆ ಸಿಗುವುದಿಲ್ಲ. ಮೊದಲ ವರ್ಷ ಒಂದು ಎಕರೆಗೆ ಮೀರಿ ಹೊಸತನ್ನು ಹಚ್ಚಿಕೊಳ್ಳದಿರುವುದು ಜಾಣತನ. ಬೆಳೆದದ್ದಕ್ಕೆ ಬೆಲೆ ಸಿಗುತ್ತದೆಯೇ ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯದ ಬಳಿ ಗಟ್ಟಿಯಾದ ಉತ್ತರ ಇರುವುದು ಅಪರೂಪ. ಅದು ಈ ವ್ಯವಸ್ಥೆಯ ದೊಡ್ಡ ಕೊರತೆ ಎಂದೇ ನನ್ನ ಅಭಿಪ್ರಾಯ.

ಹಂತ 8: ಮೇಳ, ತರಬೇತಿ, ವಿದ್ಯಾರ್ಥಿಗಳು

ಕೃಷಿ ಮೇಳ ಸಾಮಾನ್ಯವಾಗಿ ಧಾರವಾಡದಲ್ಲಿ ಸೆಪ್ಟೆಂಬರ್, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನವೆಂಬರ್ ಹೊತ್ತಿಗೆ. ಮಳಿಗೆಗಳ ಜಂಗುಳಿಯಲ್ಲಿ ಇಡೀ ದಿನ ಕಳೆಯಬೇಡಿ. ಬೆಳಿಗ್ಗೆ ಬೇಗ ಹೋಗಿ ಬೆಳೆ ಪ್ರಾತ್ಯಕ್ಷಿಕೆಯ ತಾಕುಗಳನ್ನು ಮೊದಲು ನೋಡಿ, ಬೀಜದ ಸರದಿಯಲ್ಲಿ ನಿಲ್ಲಿ, ಟ್ರ್ಯಾಕ್ಟರು ಆಮೇಲೆ.

ಕೆವಿಕೆ ತರಬೇತಿಗಳು ಬೇಸಾಯಕ್ಕಷ್ಟೇ ಸೀಮಿತವಲ್ಲ. ಅಣಬೆ, ಜೇನು, ಸಿರಿಧಾನ್ಯದ ತಿನಿಸು, ಉಪ್ಪಿನಕಾಯಿ, ಹೈನುಗಾರಿಕೆ ಎಲ್ಲ ಇರುತ್ತವೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಗೃಹವಿಜ್ಞಾನದ ತಜ್ಞರೇ ಹೆಚ್ಚು ಹತ್ತಿರವಾಗುವುದನ್ನು ಕಂಡಿದ್ದೇನೆ. ಮಂಗಳವಾರ, ಶುಕ್ರವಾರಗಳಂದು ಹೊರಬೀಳುವ ಹವಾಮಾನ ಆಧಾರಿತ ಕೃಷಿ ಸಲಹೆಯ ವಾಟ್ಸಾಪ್ ಗುಂಪಿಗೆ ಸೇರಿಸಲು ಕೇಳಿ. ನಾಳೆ ಮಳೆಯಿದ್ದರೆ ಇವತ್ತು ಔಷಧಿ ಹೊಡೆಯುವುದು ದಂಡ.

ಕೊನೆಯ ವರ್ಷದ ಬಿ.ಎಸ್ಸಿ. ವಿದ್ಯಾರ್ಥಿಗಳು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ಹಳ್ಳಿಗಳಲ್ಲಿ ಬಂದು ಉಳಿಯುತ್ತಾರೆ. ಊರಿನ ನಕ್ಷೆಯನ್ನು ರಂಗೋಲಿ ಪುಡಿಯಲ್ಲಿ ಬಿಡಿಸುತ್ತಾರೆ, ಬೀಜೋಪಚಾರ ತೋರಿಸುತ್ತಾರೆ. ಅವರನ್ನು ಅತಿಥಿಗಳಂತೆ ಕಂಡು ಕಳಿಸಿಕೊಡುವ ಬದಲು ಕೆಲಸ ಹೇಳಿ: ಮಣ್ಣಿನ ಮಾದರಿ ಸರಿಯಾಗಿ ತೆಗೆಸಿಕೊಳ್ಳಿ, ಗೊಬ್ಬರದ ಲೆಕ್ಕ ಮಾಡಿಸಿ, ಅವರ ಪ್ರಾಧ್ಯಾಪಕರನ್ನು ನಿಮ್ಮ ಹೊಲಕ್ಕೆ ಕರೆಸಿ. ಆ ಮಕ್ಕಳಿಗೂ ಅದೇ ನಿಜವಾದ ಪಾಠ.

ಹಂತ 9: ಫಲಿತಾಂಶ ವಾಪಸು ಕೊಡಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಸಲಹೆ ಪಡೆದು ಬಂದ ಮೇಲೆ ಏನಾಯಿತೆಂದು ತಜ್ಞರಿಗೆ ತಿಳಿಯುವುದೇ ಇಲ್ಲ. ಚೆನ್ನಾಗಿ ಬಂದರೆ ಮರೆಯುತ್ತೇವೆ, ಕೈಕೊಟ್ಟರೆ ಊರ ಕಟ್ಟೆಯಲ್ಲಿ ಬೈಯುತ್ತೇವೆ. ಪ್ರತಿ ಕೆವಿಕೆಗೂ ವೈಜ್ಞಾನಿಕ ಸಲಹಾ ಸಮಿತಿ ಎಂಬುದೊಂದಿದೆ. ಮುಂದಿನ ವರ್ಷ ಯಾವ ಬೆಳೆಯ ಮೇಲೆ ಪ್ರಯೋಗ, ಎಲ್ಲಿ ಪ್ರಾತ್ಯಕ್ಷಿಕೆ ಎಂಬುದು ಅಲ್ಲಿ ಚರ್ಚೆಯಾಗುತ್ತದೆ, ರೈತ ಪ್ರತಿನಿಧಿಗಳೂ ಅದರಲ್ಲಿರುತ್ತಾರೆ. ನಿಮ್ಮ ತಾಲ್ಲೂಕಿನಿಂದ ಯಾರಿದ್ದಾರೆ ಕೇಳಿ ತಿಳಿದುಕೊಳ್ಳಿ. ಕೊಯ್ಲಾದ ವಾರದಲ್ಲಿ ಎರಡೂ ತಾಕಿನ ತೂಕ, ಖರ್ಚು, ಮಾರಿದ ಬೆಲೆಯನ್ನು ಒಂದು ಹಾಳೆಯಲ್ಲಿ ಬರೆದು ಆ ಪ್ರತಿನಿಧಿಗೂ ಕೆವಿಕೆಯ ತಜ್ಞರಿಗೂ ಒಂದೊಂದು ಪ್ರತಿ ಕೊಡಿ. ಬೆಳೆ ಸೋತಿದ್ದರಂತೂ ತಪ್ಪದೆ ಕೊಡಿ.